ನಿಲ್ಲಲೊಲ್ಲದ ಹಿರಿಯರ ಸಾಲು

ಸಗರದಂಥ ಊರಿನಲ್ಲಿ ಗಣಕ ವಿಜ್ಞಾನ ಎಂದಿಗೂ ನಡೆಯುವುದಿಲ್ಲ ಎಂದವನು ನನ್ನ ಸೋದರಮಾವ ಭೀಮರಾಯ. ಇಂಥವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ, ಇರಲೂಬೇಕು; ಅವರಿಲ್ಲದಿದ್ದರೆ ನಮ್ಮಂಥವರು ಹಟ ಹಿಡಿಯುವುದು ಯಾರ ಮೇಲೆ? ನಮ್ಮ ಹೊಲದ ತನಕ ಕಾಲುವೆ ನೀರು ಬರುವುದಿಲ್ಲ ಎಂದೂ ಮಾವ ಹೇಳಿದ್ದ. ಈಗ ಅದೇ ನೀರಿನಲ್ಲಿ ಭತ್ತ ನಾಟಿ ಮಾಡುತ್ತಾನೆ, ಆಡಿದ ಮಾತನ್ನು ಮಾತ್ರ ಇನ್ನೂ ಹಿಂದಕ್ಕೆ ತೆಗೆದುಕೊಂಡಿಲ್ಲ. ನಾನು ಡಿಗ್ರಿ ಮುಗಿಸುವುದಿಲ್ಲ ಎಂದಿದ್ದ, ಮುಗಿಸಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲಿಗಳು ನಾನೇ. ಸಂದರ್ಭ ಸಿಕ್ಕಾಗಲೆಲ್ಲ ಇದನ್ನು ಹೇಳುತ್ತೇನೆ, ಸಿಗದಿದ್ದರೆ ಮಾಡಿಕೊಂಡು ಹೇಳುತ್ತೇನೆ. ಅವ್ವ ಹತ್ತಿ ಬಿಡಿಸಿ ಓದಿಸಿದ್ದು, ಸುಮ್ಮನಿರುವುದು ಹೇಗೆ?

ಆದರೆ ನಾನು ಓದಿದ ಗಣಕ ವಿಜ್ಞಾನ, ಅಂದರೆ ಕಂಪ್ಯೂಟರಿನ ಶಾಸ್ತ್ರ, ಏನೆಂಬುದು ಮಾತ್ರ ಊರಿಗೆ ತಿಳಿಯಲಿಲ್ಲ. ಪಂಪ್‌ಸೆಟ್ಟಿನ ಸ್ಟಾರ್ಟರ್ ಕೆಟ್ಟರೆ ತಂದು ನನ್ನ ಮುಂದಿಡುತ್ತಿದ್ದರು. "ಇದು ನನಗ ಬರಂಗಿಲ್ಲ" ಎಂದರೆ, "ಹಂಗಾದ್ರ ಕಲಬುರಗ್ಯಾಗ ಇಷ್ಟು ದಿನ ಏನ್ ಮಾಡ್ದಿ?" ಎಂಬ ಪ್ರಶ್ನೆ. ಯಂತ್ರಕ್ಕಿಂತ ಮೊದಲು ಯೋಚನೆ ಮಾಡುವ ಕ್ರಮವೊಂದಿದೆ, ಅದನ್ನು ಕಲಿತು ಬಂದಿದ್ದೇನೆ ಎಂದು ವಿವರಿಸಿದರೆ, ಸ್ಟಾರ್ಟರ್ ಎತ್ತಿಕೊಂಡು ಎದ್ದು ಹೋಗುತ್ತಿದ್ದರು.

ನಾನು ಊರ ಹೈಸ್ಕೂಲಿನ ಮಕ್ಕಳಿಗೆ ಪಾಠ ಹೇಳತೊಡಗಿದ್ದೆ. ದೇಶದ ತುಂಬ ಗಣಕ ವಿಜ್ಞಾನದ ಕಲಿಕೆ, ಸಂಶೋಧನೆ ಹಬ್ಬಿಸಲು ಹೊರಟ ಸಂಸ್ಥೆಯೊಂದು ಆಗ ಬೇಸಿಗೆ ಶಿಬಿರಕ್ಕೆ ಊರುಗಳನ್ನು ಹುಡುಕುತ್ತಿತ್ತು. ಅರ್ಜಿ ಹಾಕಿದೆ. ಶಿಬಿರ ಯಾದಗಿರಿಯಲ್ಲಾದರೆ ನನ್ನ ತರಗತಿಯ ಹುಡುಗಿಯರನ್ನು ಮನೆಯವರು ಬಸ್ಸು ಹತ್ತಿಸುವುದಿಲ್ಲ. ಹತ್ತನೆಯ ತರಗತಿಯ ರೇಣುಕಾಳ ಅಪ್ಪ ಸ್ಪಷ್ಟವಾಗಿ ಹೇಳಿಬಿಟ್ಟಿದ್ದ: "ಊರಾಗ ಮಾಡ್ತೀರಂದ್ರ ಕಳಸ್ತೀನ್ರಿ. ಹೊರಗ ಅಂದ್ರ ಇಲ್ಲ." ಆದ್ದರಿಂದ ನಮ್ಮೂರಿಗೇ ಸಿಗಬೇಕಿತ್ತು. ಸಿಗಬೇಕಾದರೆ, ನೋಡಲು ಬರುವ ಪ್ರಾಧ್ಯಾಪಕಿಯ ಎದುರು ಊರ ಜನರಿಗೇ ಒಂದು ಪಾಠ ಮಾಡಿ ತೋರಿಸಬೇಕು.

ಮೈಸೂರು ಕಡೆಯ ಆ ಪ್ರಾಧ್ಯಾಪಕಿ ಬಂದು ಕೂತರು, ಕರೆಂಟು ಎದ್ದು ಹೋಯಿತು. "ನಾ ಹೇಳಿರಲಿಲ್ಲೇನ?" ಎಂದ ಮಾವ, ಹಬ್ಬ ಬಂದಂತೆ ಮುಖ ಅರಳಿಸಿ. ನನಗೆ ರೋಷ ಬಂತು. ಯಂತ್ರವೇ ಬೇಡ ಎಂದು ಎಲ್ಲರನ್ನೂ ಶಾಲೆಯ ಅಂಗಳದ ಬೇವಿನ ನೆರಳಿಗೆ ಕರೆದು, ಅವ್ವನನ್ನು, ಮಾವನನ್ನು, ನಮ್ಮ ಸಂಬಂಧಿ ಶರಣಪ್ಪನನ್ನು, ಕಿರಾಣಿ ಅಂಗಡಿಯ ಚನ್ನಬಸಪ್ಪನನ್ನು ಸಾಲಾಗಿ ನಿಲ್ಲಿಸಿದೆ. ನಿಯಮ ಒಂದೇ: ನಿಮ್ಮ ಮುಂದೆ ನಿಮಗಿಂತ ಕಿರಿಯರು ಕಂಡರೆ ಹೋಗಿ ಅವರ ಮುಂದೆ ನಿಂತುಕೊಳ್ಳಿ. ಯಾರೂ ಕದಲದಂತಾದಾಗ ಕೆಲಸ ಮುಗಿದಂತೆ, ಕಂಪ್ಯೂಟರು ಹೆಸರುಗಳನ್ನು ಜೋಡಿಸುವುದೂ ಹೀಗೆಯೇ ಎಂದು ಗತ್ತಿನಿಂದ ಘೋಷಿಸಿದೆ.

ಎಲ್ಲರಿಗೂ ಹಿರಿಯಳಾದ ಅವ್ವ ಮೊದಲಿಗೆ ನಿಂತಳು, ಅದರಲ್ಲಿ ತಕರಾರಿಲ್ಲ. ಅವಳ ಹಿಂದೆ ಚನ್ನಬಸಪ್ಪ ವಯಸ್ಸಿನಲ್ಲಿ ತನಗಿಂತ ಕಿರಿಯನಾದ ಮಾವನನ್ನು ದಾಟಿ ಮುಂದೆ ಬಂದ. ಬಿಳಿ ಮೀಸೆಯ ಶರಣಪ್ಪ ಚನ್ನಬಸಪ್ಪನಿಗಿಂತ ಹಿರಿಯ. ಇವನು ಅವನಿಗೂ ಮುಂದೆ ಬಂದ. ಸರಿ, ಮುಗಿಯಿತು ಎನ್ನುವಷ್ಟರಲ್ಲಿ ಹಿಂದಿನಿಂದ ಮಾವ ನಡೆದುಬಂದು ಶರಣಪ್ಪನ ಮುಂದೆ ನಿಂತ.

"ಮಾವ, ಅಂವ ನಿನಗಿಂತ ದೊಡ್ಡಾಂವ!" ಎಂದೆ.

"ವಯಸ್ಸಿಗೆ ದೊಡ್ಡಾಂವ ಇರಬೇಕು. ನಾ ಅವಗ ಕಾಕಾ, ಅವನಪ್ಪಗ ತಮ್ಮ ಆಗಬೇಕು."

"ಹೌದವ್ವಾ," ಎಂದ ಶರಣಪ್ಪ ವಿನಯದಿಂದ, "ದಸರಾಕ್ಕ ಬನ್ನಿ ಕೊಟ್ಟು ಇವನ ಕಾಲಿಗೆ ನಾನ ಬೀಳ್ತೀನಿ. ಕಾಕಾನ ಮುಂದ ಹೆಂಗ ನಿಲ್ಲೂದು?"

ಆಗ ಚನ್ನಬಸಪ್ಪ ತಲೆಯೆತ್ತಿ ನೋಡಿದ. ತನಗಿಂತ ಕಿರಿಯ ಭೀಮರಾಯ ತನ್ನ ಮುಂದಿದ್ದಾನೆ! ಬೀಗರೂ ಅಲ್ಲ, ಕಾಕಾನೂ ಅಲ್ಲ, ತಾನೇಕೆ ಬಿಡಬೇಕು? ಮುಂದೆ ಬಂದ. ಅವನನ್ನು ನೋಡಿ ಶರಣಪ್ಪ ಬಂದ. ಶರಣಪ್ಪನನ್ನು ನೋಡಿ ಮಾವ ಬಂದ. ಮೂವರೂ ಗಾಣದ ಎತ್ತುಗಳ ಹಾಗೆ ಸುತ್ತತೊಡಗಿದರು. ಹುಡುಗಿಯರು ಚಪ್ಪಾಳೆ ತಟ್ಟಿ ನಕ್ಕರು. "ಏ, ನಿಂದ್ರಸವ್ವ, ಅಂಗಡಿ ತೆರದ ಬಿಟ್ಟು ಬಂದೀನಿ!" ಎಂದು ಚನ್ನಬಸಪ್ಪ ಕೂಗಿದ, ಆದರೆ ತಾನು ಮಾತ್ರ ನಿಲ್ಲಲಿಲ್ಲ. ಹಿರಿತನ ಎಂದರೆ ವಯಸ್ಸೋ, ಸಂಬಂಧವೋ ಎಂದು ನಾನು ಹೇಳಿರಲೇ ಇಲ್ಲ. ಶಿಬಿರ ಹೋಯಿತು, ರೇಣುಕಾಳ ಮುಖ ಹೇಗೆ ನೋಡಲಿ ಎಂದುಕೊಂಡೆ.

ಆ ರೇಣುಕಾಳೇ ಎದ್ದು ನಿಂತಳು. "ಟೀಚರ್, ಇದು ಮುಗಿಯಂಗಿಲ್ಲ ಅಂತ ಇವರು ದಣಿಯೂದಕ್ಕಿಂತ ಮೊದಲ ತಿಳಕೊಳ್ಳಾಕ ಬರ್ತದೇನ್ರಿ?"

ಕಣ್ಣೀರು ಬರುವಂತೆ ನಗುತ್ತಿದ್ದ ಪ್ರಾಧ್ಯಾಪಕಿ ತಟ್ಟನೆ ನಗು ನಿಲ್ಲಿಸಿದರು. "ಇಂಥ ಪ್ರಶ್ನೆ ಇಟ್ಕೊಂಡೇ ದೊಡ್ಡ ದೊಡ್ಡವರು ಸಂಶೋಧನೆ ಮಾಡ್ತಾರಮ್ಮ," ಎಂದು ಅವಳನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. ಆಮೇಲೆ ಊರೆಲ್ಲ ಬೇವಿನ ಕೆಳಗೆ ಕೂತು ನಿಯಮ ತಿದ್ದಿತು. ಕರೆಂಟು ಬಂದದ್ದನ್ನು ಯಾರೂ ಗಮನಿಸಲಿಲ್ಲ.

ಬೇಸಿಗೆಯಲ್ಲಿ ಶಿಬಿರ ನಮ್ಮೂರಿಗೇ ಬಂತು. ನಡೆಯುವುದಿಲ್ಲ, ನಡೆಯುವುದಿಲ್ಲ ಎನ್ನುತ್ತಲೇ ಮಾವ ಊಟಕ್ಕೆ ತನ್ನ ಗದ್ದೆಯ ಅಕ್ಕಿ ಹೊತ್ತು ತಂದ. ರೇಣುಕಾ ದಿನಾ ಎಲ್ಲರಿಗಿಂತ ಮೊದಲು ಬಂದು ಮುಂದಿನ ಬೆಂಚಿನಲ್ಲಿ ಕೂತಳು, ಅವಳಪ್ಪ ಕಿಟಕಿಯ ಹೊರಗೆ ನಿಂತು ಕೇಳಿದ. ಕೊನೆಯ ದಿನ ಪ್ರಾಧ್ಯಾಪಕಿ ನನ್ನನ್ನೂ ಕರೆದು, ಆ ಬೇವಿನಡಿಯ ಪಾಠಕ್ಕೆಂದು ಆ ಸಂಸ್ಥೆಯ ಮುದ್ರೆ ಒತ್ತಿದ ಪ್ರಮಾಣಪತ್ರ ಕೈಗಿತ್ತರು. ಎದೆಯುಬ್ಬಿಸಿಕೊಂಡು ಹೋಗಿ ಅವ್ವನ ಕೈಯಲ್ಲಿಟ್ಟೆ. ಅವಳು ಸೆರಗಿನಿಂದ ಅದರ ಮೇಲಿನ ಧೂಳು ಒರೆಸಿದಳು, ಮುದ್ರೆಯ ಮೇಲೆ ಬೆರಳಾಡಿಸಿದಳು, ನನ್ನ ಮುಖ ನೋಡಿದಳು.

"ಮೂರು ಮಂದೀನ ಸಾಲಾಗಿ ನಿಂದ್ರಸಾಕ ಬರಲಿಲ್ಲ ನಿನಗ. ಅದಕ್ಕೂ ಸರ್ಟಿಫಿಕೇಟ್ ಕೊಡ್ತಾರೇನ, ನನ್ನವ್ವಾ?"