ಮರದ ಟ್ಯಾಬು

ನಮ್ಮ ದೊಡ್ಡಪ್ಪ ಈ ಲೋಕದ ಯಾವ ವಸ್ತುವನ್ನೂ ನೇರವಾಗಿ ಅಂಗಡಿಗೆ ಹೋಗಿ ಕೊಂಡವರಲ್ಲ. ಮೊದಲು ಅದನ್ನು ಮರದಲ್ಲಿ ಮಾಡಿಕೊಳ್ಳುತ್ತಾರೆ. ಅದರ ಜೊತೆ ಕೆಲವು ವಾರ ಸಂಸಾರ ಮಾಡುತ್ತಾರೆ. ಹೊಂದಿಕೆಯಾದರೆ ಮಾತ್ರ ಅಸಲಿಯದು ಮನೆಗೆ ಬರುತ್ತದೆ! ನಂಬಿಕೆ ಬರದಿದ್ದರೆ ಹರಿಹರಕ್ಕೆ ಬನ್ನಿ, ಅವರ ಮನೆಯ ಅಟ್ಟ ತೋರಿಸುತ್ತೇನೆ. ಅಲ್ಲಿ ಮರದ ಮಿಕ್ಸಿ ಇದೆ, ಮರದ ಇಸ್ತ್ರಿಪೆಟ್ಟಿಗೆ ಇದೆ, ಮರದ ಗೋಡೆ ಗಡಿಯಾರವೂ ಇದೆ. ಅದಕ್ಕೆ ಮುಳ್ಳುಗಳೂ ಉಂಟು. ಆ ಗಡಿಯಾರದ ಕಾಲದಲ್ಲಿ ದೊಡ್ಡಪ್ಪ ಆಗಾಗ ಪಕ್ಕದ ಮನೆಗೆ ಹೋಗಿ ಗಂಟೆ ಎಷ್ಟಾಯಿತೆಂದು ಕೇಳಿಕೊಂಡು ಬಂದು ಮುಳ್ಳು ತಿರುಗಿಸುತ್ತಿದ್ದರಂತೆ.

ಇದಕ್ಕೆಲ್ಲ ಕಾರಣ ಅವರ ಕಸುಬು. ನಿವೃತ್ತರಾಗುವವರೆಗೂ ಅವರು ಹರಿಹರದ ಕಾರ್ಖಾನೆಯೊಂದರಲ್ಲಿ ಮರದ ಮಾದರಿ ಮಾಡುತ್ತಿದ್ದರು. ಕಬ್ಬಿಣದ ಯಾವ ಭಾಗವನ್ನೇ ಎರಕ ಹೊಯ್ಯಬೇಕಾದರೂ ಮೊದಲು ಅದನ್ನು ಮರದಲ್ಲಿ ಕೆತ್ತಬೇಕು. ಆ ಮರವನ್ನು ಮರಳಿನಲ್ಲಿ ಒತ್ತಿ ತೆಗೆದು, ಅಲ್ಲಿ ಉಳಿದ ಗುಂಡಿಗೆ ಕರಗಿದ ಕಬ್ಬಿಣ ಸುರಿಯಬೇಕು. ಮರ ತಪ್ಪಿದರೆ ಕಬ್ಬಿಣವೂ ತಪ್ಪಿತು. ಆಯುಷ್ಯವೆಲ್ಲ ಹೀಗೆ ಕಳೆದ ಮನುಷ್ಯ ಸಂಬಳ ನಿಂತ ಮಾತ್ರಕ್ಕೆ ಬದಲಾಗುತ್ತಾನೆಯೇ?

ಫ್ರಿಜ್ಜು ತರಬೇಕೆಂದಾಗ ಅಡುಗೆಮನೆಯಲ್ಲಿ ಆಳೆತ್ತರದ ಮರದ ಚೌಕಟ್ಟೊಂದು ಎದ್ದು ನಿಂತಿತು. ಬಾಗಿಲು ಯಾವ ಕಡೆ ತೆರೆದರೆ ಒಲೆಗೆ ತಾಗುತ್ತದೆ, ಯಾವ ಖಾನೆಗೆ ಕೈ ಎಟಕುತ್ತದೆ ಎಂದು ನೋಡಲು ದೊಡ್ಡವ್ವ ಅದರೊಳಗೇ ಹಾಲು ಮೊಸರು ಇಡಬೇಕಾಯಿತು. ಹಾಲು ಒಡೆಯುತ್ತಿತ್ತು, ಮೊಸರು ಹುಳಿಯಾಗುತ್ತಿತ್ತು, ಕೆಳಗಿನ ಖಾನೆಯಲ್ಲಿ ಬೆಕ್ಕು ಮರಿ ಹಾಕಿತು! ಕೊನೆಗೆ ನಿಜವಾದ ಫ್ರಿಜ್ಜು ಬಂದಾಗ ದೊಡ್ಡವ್ವ ಅದರ ಸುತ್ತ ಒಂದು ಸುತ್ತು ಹಾಕಿ, "ಅದೇ ಚಲೋ ಇತ್ತು ಬಿಡ್ರಿ. ಕರೆಂಟ್ ಬಿಲ್ ಇರ್ಲಿಲ್ಲ" ಎಂದಳು.

ಸ್ಕೂಟರ್ ಕೊಳ್ಳುವಾಗಿನ ಕಥೆ ಇನ್ನೂ ಚೆನ್ನ. ಅಂಗಳದಲ್ಲಿ ಎರಡು ಕಂಬ ನೆಟ್ಟು, ಮೇಲೆ ಹಲಗೆ ಬಡಿದು, ಮುಂದೆ ಹಿಡಿಕೆ ಸಿಕ್ಕಿಸಿ ದೊಡ್ಡಪ್ಪ ಸವಾರಿಗೆ ಕೂತರು. ಹಿಂದೆ ದೊಡ್ಡವ್ವ, ತೊಡೆಯ ಮೇಲೆ ತರಕಾರಿ ಚೀಲ. ಮೊಣಕಾಲಿಗೆ ಜಾಗ ಸಾಲುತ್ತದೆಯೇ ಎಂಬುದು ಪರೀಕ್ಷೆ. ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ನಿಂತು, "ಯಜಮಾನ್ರು ಯಾವ ಕಡೆ ಹೊಂಟೀರಿ?" ಎಂದು ಕೇಳಿದರು. ದೊಡ್ಡಪ್ಪ ತಲೆಯನ್ನೂ ತಿರುಗಿಸದೆ, "ಉಕ್ಕಡಗಾತ್ರಿಗೆ" ಎಂದರು. ಹಿಂದಿನಿಂದ ದೊಡ್ಡವ್ವ ಅವರ ಭುಜ ಹಿಡಿದುಕೊಂಡು, "ಒಸಿ ನಿಧಾನ ಹೊಡೀರಿ" ಎಂದಳು!

"ಮದುವೆಗೆ ಮುಂಚೆ ನಿನ್ನದೂ ಒಂದು ಮರದ ಮಾದರಿ ಮಾಡಿದ್ರಾ ದೊಡ್ಡವ್ವ?" ಎಂದು ನಾನೊಮ್ಮೆ ಕೆಣಕಿದ್ದೆ. "ಮಾಡಿದ್ರೆ ನನ್ನ ಯಾಕ ತರ್ತಿದ್ರು? ಅದು ತಿರುಗಿ ಮಾತಾಡಲ್ಲಂತ ಅದನ್ನೇ ಇಟ್ಕಂತಿದ್ರು" ಎಂದು ಉತ್ತರ ಬಂದಿತ್ತು.

ಇಂಥ ಮನೆಗೆ ಹೋದ ವರ್ಷ ಒಂದು ಕಷ್ಟ ಬಂತು. ದೊಡ್ಡವ್ವನಿಗೆ ಲಕ್ವ ಹೊಡೆಯಿತು. ಮಾತು ಬೇಗ ಮರಳಿತು, ಅದು ಮರಳದೆ ಇರುವುದು ಸಾಧ್ಯವೇ ಇರಲಿಲ್ಲ. ಕಾಲೂ ತಕ್ಕಮಟ್ಟಿಗೆ ಸರಿಯಾಯಿತು. ಎಡಗೈ ಮಾತ್ರ ಹಿಂದೆ ಬಿತ್ತು. ವ್ಯಾಯಾಮ ಮಾಡಿಸಲು ಬಂದವರು ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟರು. "ನಾನೇನು ಕೂಸಾ?" ಎಂದು ದೊಡ್ಡವ್ವ ಬಲಗೈಯಿಂದ ಅದನ್ನು ಬೆಕ್ಕಿಗೆ ಬೀಸಿದಳು. ಗುರಿ ತಪ್ಪಲಿಲ್ಲ. ವ್ಯಾಯಾಮದ ಹೆಸರೆತ್ತಿದವರಿಗೆಲ್ಲ ಆಮೇಲೆ ಅದೇ ಗತಿ.

ಕೈ ಹೋದದ್ದಕ್ಕಿಂತ ಓದು ಹೋದದ್ದು ಅವಳಿಗೆ ದೊಡ್ಡ ದುಃಖವಾಯಿತು. ನಮ್ಮ ದೊಡ್ಡವ್ವ ಓದುವ ಹೆಂಗಸು. ಕಾದಂಬರಿ, ವಾರಪತ್ರಿಕೆ, ಔಷಧಿ ಡಬ್ಬಿಯ ಒಳಗಿನ ಮಡಿಸಿದ ಚೀಟಿ, ಏನು ಸಿಕ್ಕರೂ ಓದುವವಳು. ದಪ್ಪ ಪುಸ್ತಕ ಹಿಡಿದು ಪುಟ ತಿರುವಲು ಎರಡು ಕೈ ಬೇಕು. ದೊಡ್ಡಪ್ಪ ಪುಸ್ತಕ ಇಡಲು ಮರದ ಸ್ಟ್ಯಾಂಡು ಮಾಡಿಕೊಟ್ಟರು. ಅದರ ಮುಂದೆ ನೆಟ್ಟಗೆ ಕೂತು ಓದಲು ಅವಳಿಗೆ ಆಗಲಿಲ್ಲ, ಸೊಂಟ ನೋಯುತ್ತಿತ್ತು. ಕೊನೆಗೆ ದೊಡ್ಡಪ್ಪ ತಾವೇ ಸ್ಟ್ಯಾಂಡಾದರು! ಅವಳು ದಿಂಬಿಗೆ ಒರಗಿಕೊಂಡರೆ ಇವರು ಪಕ್ಕದಲ್ಲಿ ಕೂತು ಪುಸ್ತಕ ಹಿಡಿಯುವುದು, ಪುಟ ತಿರುವುವುದು.

ತೊಂದರೆ ಶುರುವಾದದ್ದೇ ಅಲ್ಲಿ. ಜನ್ಮದಲ್ಲಿ ಒಂದು ಕಾದಂಬರಿಯನ್ನೂ ಓದದ ದೊಡ್ಡಪ್ಪ, ಹೇಗೂ ಹಿಡಿದಿದ್ದೇನಲ್ಲ ಎಂದು ತಾವೂ ಓದತೊಡಗಿದರು. ಅವರ ಓದು ಎಲ್ಲ ನಿಲ್ದಾಣದಲ್ಲೂ ನಿಲ್ಲುವ ಪ್ಯಾಸೆಂಜರ್ ಗಾಡಿ. ದೊಡ್ಡವ್ವ ಪುಟ ಮುಗಿಸಿ ಕಾಯಬೇಕು.

"ತಿರುವ್ರಿ."

"ಇರು, ಆ ವಕೀಲ ಏನೋ ಹೇಳಾಕೆ ಹೊಂಟಾನೆ."

"ಅವನು ಹೇಳಿ ಎಷ್ಟೊತ್ತಾತು! ಅವನ ಹೆಂಡ್ತಿ ತವರಿಗೂ ಹೋದ್ಲು!"

"ಮುಂದಿಂದು ಹೇಳಬ್ಯಾಡ ಅಂದೀನಲ್ಲ!"

ಹೊರಗೆ ನಿಂತು ಕೇಳಿದರೆ ನಗು ಬರುತ್ತದೆ. ಆದರೆ ಒಂದು ಭಾನುವಾರ ದೊಡ್ಡಪ್ಪ ಅಂಗಡಿಗೆ ಹೋಗಿದ್ದಾಗ ದೊಡ್ಡವ್ವ ನನ್ನ ಕೈ ಹಿಡಿದು ಹೇಳಿದ್ದು ಬೇರೆ. "ಅವರು ದೇವರಂಥೋರು ಕಣವ್ವ, ಕೈ ನೋಯ್ತೈತೆ ಅಂತ ಒಂದಿನ ಅಂದಿಲ್ಲ. ಆದ್ರೆ ಓದೋದು ಒಬ್ಬಳೇ ಮಾಡೋ ಕೆಲಸ. ಬೇಕಾದಲ್ಲಿ ನಿಲ್ಲಬೇಕು, ಬೇಕಾದಾಗ ಅಳಬೇಕು. ಇನ್ನೊಬ್ಬರ ಕೈಯಾಗಿನ ಪುಸ್ತಕ ನೋಡ್ಕಂತ ಅಳಾಕೆ ನಾಚಿಕೆ ಆಗತೈತೆ. ನನ್ನ ಕೈಯಾಗೆ ಹಿಡಕಂಡು ಓದಬೇಕು, ಅಷ್ಟೇ ನನ್ನಾಸೆ."

ಟ್ಯಾಬು ಕೊಳ್ಳೋಣ ಎಂದು ಹೇಳಿದವಳು ನಾನೇ. ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ನನಗೆ ಕೊಳ್ಳುವುದೆಂದರೆ ಊಟ ಮಾಡಿದಷ್ಟು ಸುಲಭ. ಫೋನಿನಲ್ಲಿ ಚಿತ್ರ ನೋಡುವುದು, ಕೊಂಡವರು ಕೊಟ್ಟ ನಕ್ಷತ್ರ ಎಣಿಸುವುದು, ಬೆರಳು ಒತ್ತುವುದು. ಫೋನಿನ ಅಕ್ಷರ ಇರುವೆ ಸಾಲಿನಂತೆ ಕಾಣುತ್ತದೆ ಎನ್ನುತ್ತಿದ್ದ ದೊಡ್ಡವ್ವನಿಗೆ ಟ್ಯಾಬೇ ಸರಿ. ಅಕ್ಷರ ಎಷ್ಟು ಬೇಕಾದರೂ ದೊಡ್ಡದಾಗುತ್ತದೆ, ಎಡಗೈಲಿ ಹಿಡಿದು ಬಲಗೈಯ ಒಂದು ಬೆರಳಲ್ಲಿ ಪುಟ ಸರಿಸಬಹುದು, ಏನಾದರೂ ತಿಳಿಯಬೇಕೆನಿಸಿದರೆ ಹುಡುಕಿ ನೋಡಬಹುದು. ಆಟ ಬೇಡ, ಫೋಟೋ ಬೇಡ, ಕಡಿಮೆ ಬೆಲೆಯದೇ ಧಾರಾಳ. ಇದರಲ್ಲಿ ಯೋಚಿಸುವಂಥದ್ದು ಏನಿದೆ?

ದೊಡ್ಡಪ್ಪನಿಗೆ ಇತ್ತು. ಮರುದಿನವೇ ಬಸ್ಸು ಹತ್ತಿ ದಾವಣಗೆರೆಗೆ ಬಂದರು. ನಾನು ಅವರನ್ನು ಮೊಬೈಲ್ ಅಂಗಡಿಗೆ ಕರೆದುಕೊಂಡು ಹೋದೆ. ಅಲ್ಲಿನ ಸೇಲ್ಸ್ ಹೆಣ್ಣುಮಗಳು ಬ್ಯಾಟರಿ, ಮೆಮೊರಿ, ಕ್ಯಾಮೆರಾ ಎಂದು ಪಾಠ ಒಪ್ಪಿಸತೊಡಗಿದಳು.

"ಅದೆಲ್ಲ ಇರ್ಲವ್ವ. ತೂಕ ಎಷ್ಟೈತೆ?"

"ತೂಕಾನಾ? ಇದುವರೆಗೂ ಯಾರೂ ಕೇಳಿಲ್ಲ ಸರ್" ಎಂದು ಆಕೆ ಡಬ್ಬಿ ತಿರುಗಿಸಿ ಹುಡುಕತೊಡಗಿದಳು. ಅಷ್ಟರಲ್ಲಿ ದೊಡ್ಡಪ್ಪ ಕೈಚೀಲದಿಂದ ಹಳೇ ಪೇಪರ್ ತೂಗುವ ಕೊಕ್ಕೆ ತಕ್ಕಡಿ ಹೊರತೆಗೆದು, ಟ್ಯಾಬನ್ನು ಟವೆಲ್ಲಿನಲ್ಲಿ ಕಟ್ಟಿ ನೇತುಹಾಕಿಯೇಬಿಟ್ಟರು! ಗಲ್ಲಾದಲ್ಲಿದ್ದ ಮಾಲೀಕರು ಗಾಬರಿಯಿಂದ ಎದ್ದು, "ಯಜಮಾನ್ರೇ, ನಾವು ಕೇಜಿ ಲೆಕ್ಕದಾಗೆ ಮಾರಲ್ಲ" ಎಂದರು. ನಾನು ಪರಿಚಯವಿಲ್ಲದವಳ ಹಾಗೆ ಚಾರ್ಜರುಗಳನ್ನು ನೋಡುತ್ತ ನಿಂತೆ.

ವಾರದೊಳಗೆ ಮೊದಲ ಮರದ ಟ್ಯಾಬು ಹುಟ್ಟಿತು. ಮದುವೆಯ ಆಮಂತ್ರಣ ಪತ್ರಿಕೆಯಷ್ಟು ಹಗುರ, ಅಂಚಿಗೆ ಕಪ್ಪು ಬಣ್ಣ. "ಇದು ಕೈಯಾಗೆ ಹೆಂಗೆ ಕೂಡ್ತೈತೆ ನೋಡಿ ತಪ್ಪಿದ್ರೆ ಹೇಳು" ಎಂದು ದೊಡ್ಡವ್ವನ ಎಡಗೈಗೆ ಕೊಟ್ಟರು. ಅದು ಕೌದಿಯ ಮೇಲೆ ಬಿತ್ತು. "ಜಾರ್ತೈತೆ ನೋಡ್ರಿ, ಹಲಗೆ ಸರಿ ಇಲ್ಲ" ಎಂದು ದೊಡ್ಡವ್ವ ತೀರ್ಪು ಕೊಟ್ಟಳು. "ಹೌದು, ಸರಿ ಇಲ್ಲ" ಎಂದು ದೊಡ್ಡಪ್ಪ ಒಪ್ಪಿಕೊಂಡು ಜಾರದಂತೆ ಹಿಂಬದಿಯನ್ನು ತರಿತರಿ ಮಾಡಿ ತಂದರು. ಕೈ ಸರಿಯಿಲ್ಲ ಎಂದು ಇಬ್ಬರಲ್ಲಿ ಒಬ್ಬರೂ ಹೇಳಲಿಲ್ಲ.

ತಪ್ಪು ಹುಡುಕುವುದೆಂದರೆ ದೊಡ್ಡವ್ವನಿಗೆ ಹಬ್ಬ. ಮೂಲೆ ಚುಚ್ಚುತ್ತದೆ ಎಂದಳು, ಮೂಲೆ ಗುಂಡಗಾಯಿತು. ತೀರಾ ತೆಳುವಾಯಿತು ಎಂದಳು, ಇನ್ನೊಂದು ದಪ್ಪ ಹಲಗೆ ಬಂತು. ಬಣ್ಣ ಸರಿಯಿಲ್ಲ ಎಂದಳು, ಬಣ್ಣದ ನೆಪದಲ್ಲಿ ಮತ್ತೊಂದು ಹಲಗೆ ಬಂತು. ನಾನು ಭಾನುವಾರ ಹೋದಾಗಲೆಲ್ಲ ದೊಡ್ಡವ್ವ ಎಡಗೈಲಿ ಬರೀ ಮರ ಹಿಡಿದು ಬಲದ ಬೆರಳಿನಿಂದ ಪುಟ ಸರಿಸುತ್ತಿದ್ದಳು.

"ಏನ್ ಓದ್ತಿದೀಯ ದೊಡ್ಡವ್ವ?"

"ಇನ್ನೂ ಮುನ್ನುಡಿ ಕಣವ್ವ. ಭಾಳ ಬ್ಯಾಸರ ಐತೆ."

ನಾನು ನಕ್ಕೆ. ಆಮೇಲೆ ನನಗೆ ಸಿಟ್ಟು ಬರತೊಡಗಿತು. ಹಬ್ಬದ ರಿಯಾಯಿತಿ ಬಂದು ಹೋಯಿತು, ನಾನು ಆರಿಸಿಟ್ಟ ಟ್ಯಾಬು ಮುಗಿದೇ ಹೋಯಿತು. ಇವರು ಮರ ಹೆರೆಯುತ್ತಲೇ ಇದ್ದರು. "ನಾನೇ ಆರ್ಡರ್ ಮಾಡ್ತೀನಿ, ನಾಳೆ ಬರ್ತೈತೆ" ಎಂದು ಫೋನಿನಲ್ಲಿ ರೇಗಿದೆ. ದೊಡ್ಡಪ್ಪ ಶಾಂತವಾಗಿ, "ಹಂಗೇ ಒಂದಿನದಾಗೆ ತರಿಸಿದ್ಯಲ್ಲ ಹಣ್ಣಿನ ರಸದ ಮಿಷನ್ನು, ಅದು ಎಲ್ಲೈತೆ?" ಎಂದು ಕೇಳಿದರು. ಅದು ಮಂಚದ ಕೆಳಗಿತ್ತು.

ಆ ದಿನ ಕೂತು ಯೋಚಿಸಿದೆ. ನಾನು ಒಂದು ವಸ್ತುವನ್ನು ಆರಿಸುವಾಗ ಎಷ್ಟು ಜನ ಅಪರಿಚಿತರ ಮಾತು ಓದುತ್ತೇನೆ! ಒಬ್ಬ ಪರದೆ ಚೆನ್ನಾಗಿದೆ ಎನ್ನುತ್ತಾನೆ, ಒಬ್ಬಳು ಡಬ್ಬಿ ಸೊಟ್ಟಗಾಗಿ ಬಂತೆಂದು ಒಂದೇ ನಕ್ಷತ್ರ ಕೊಡುತ್ತಾಳೆ. ಅವರಲ್ಲಿ ಒಬ್ಬರಾದರೂ ನಮ್ಮ ದೊಡ್ಡವ್ವನ ಮಣಿಕಟ್ಟನ್ನು ನೋಡಿದ್ದಾರೆಯೇ? ಅದು ಹೇಗಿದೆ ಎಂದು ನಾನೇ ಸರಿಯಾಗಿ ನೋಡಿರಲಿಲ್ಲ. ಕಾಯುವುದನ್ನು ನಾವು ಸೋಮಾರಿತನವೆಂದುಕೊಳ್ಳುತ್ತೇವೆ, ಬೇಗ ಮುಗಿಸಿದ್ದನ್ನು ಪ್ರೀತಿಯೆಂದುಕೊಳ್ಳುತ್ತೇವೆ.

ಇಷ್ಟೆಲ್ಲ ಯೋಚಿಸಿದರೂ ಒಂದು ಅನುಮಾನ ಮಾತ್ರ ನನ್ನನ್ನು ಬಿಡಲಿಲ್ಲ. ದೊಡ್ಡಪ್ಪನಿಗೆ ಆ ಓದಿನ ರುಚಿ ಹತ್ತಿದೆ, ಹೆಂಡತಿಯ ಪಕ್ಕದ ಆ ಜಾಗ ಬಿಟ್ಟುಕೊಡಲು ಮನಸ್ಸಿಲ್ಲ, ಅದಕ್ಕೇ ಎಳೆಯುತ್ತಿದ್ದಾರೆ! ಮುಂದಿನ ಭಾನುವಾರ ಹಿತ್ತಲಲ್ಲಿ ಅವರು ಒಬ್ಬರೇ ಸಿಕ್ಕಾಗ ಕೇಳಿಯೇಬಿಟ್ಟೆ.

ದೊಡ್ಡಪ್ಪ ಉಜ್ಜುಗೊರಡು ಕೆಳಗಿಟ್ಟರು. "ಇಷ್ಟ ಐತೆ, ಯಾಕ ಸುಳ್ಳು ಹೇಳ್ಲಿ? ನಲವತ್ತು ವರ್ಷ ಮಗ್ಗುಲಾಗೆ ಇದ್ದೂ ಆಕೆ ಏನ್ ಓದ್ತಾಳೆ, ಎಲ್ಲಿ ನಗ್ತಾಳೆ ಅಂತ ನನಗೆ ಗೊತ್ತಿರ್ಲಿಲ್ಲ. ಈಗ ಗೊತ್ತಾತು. ಆದ್ರೆ ಹಿಡಿದೋನಿಗೆ ಬ್ಯಾಸರ ಇಲ್ಲವ್ವ, ಓದೋರಿಗೆ ಐತೆ" ಎಂದು ಮತ್ತೆ ಹಲಗೆಯ ಕಡೆ ತಿರುಗಿದರು. ಅದರ ಹೊಟ್ಟೆ ಕೊರೆದು ಒಳಗೆ ಸೀಸದ ಪಟ್ಟಿ ಕೂರಿಸುತ್ತಿದ್ದರು. ಏನೋ ಮರುಳು ಎಂದುಕೊಂಡು ನಾನು ಬಸ್ಸು ಹತ್ತಿದೆ.

ಕೆಲವು ವಾರಗಳ ಮೇಲೆ ಒಂದು ಬೆಳಿಗ್ಗೆ ಇಬ್ಬರೂ ದಾವಣಗೆರೆಯ ನನ್ನ ಮನೆ ಬಾಗಿಲಲ್ಲಿ ನಿಂತಿದ್ದರು! ಕಾಯಿಲೆ ಬಿದ್ದ ಮೇಲೆ ದೊಡ್ಡವ್ವ ಹರಿಹರ ಬಿಟ್ಟು ಬಂದದ್ದು ಅದೇ ಮೊದಲು. ಇಳಕಲ್ ಸೀರೆ ಉಟ್ಟು, ತಲೆ ತುಂಬ ಹೂ ಮುಡಿದಿದ್ದಳು. "ನಡಿಯವ್ವ, ಅಂಗಡಿಗೆ" ಎಂದರು ದೊಡ್ಡಪ್ಪ.

ಅದೇ ಅಂಗಡಿ. ತಕ್ಕಡಿಯ ಯಜಮಾನರನ್ನು ನೋಡುತ್ತಲೇ ಆ ಹೆಣ್ಣುಮಗಳು, "ಬರ್ರಿ ಸರ್, ಕೂಡ್ರಿ" ಎಂದು ನಗುತ್ತ ಅವರು ಆವತ್ತು ತೂಗಿ ನೋಡಿದ್ದ ಟ್ಯಾಬನ್ನೇ ತಂದು, ಯಾವುದೋ ಕಥೆಯ ಪುಟ ತೆರೆದು, ಅಕ್ಷರ ದೊಡ್ಡದು ಮಾಡಿ ಕೊಟ್ಟಳು. ದೊಡ್ಡವ್ವ ಎಡಗೈ ಚಾಚಿದಳು. ನಾನು ಪರದೆ ನೋಡುತ್ತಿದ್ದೆ. ದೊಡ್ಡಪ್ಪ ಮಾತ್ರ ಅವಳ ಮಣಿಕಟ್ಟನ್ನು ನೋಡುತ್ತಿದ್ದರು. ಅದು ನಡುಗಲಿಲ್ಲ.

"ರೀ, ಇದು ಹಗುರೈತಲ್ರೀ!" ಎಂದಳು ದೊಡ್ಡವ್ವ. "ಮನ್ಯಾಗಿಂದು ಇದಕ್ಕಿಂತ ಭಾರ ಇತ್ತು!"

"ಹೌದು. ಭಾರನೇ ಮಾಡಿದ್ದೆ."

"ಯಾಕ?"

"ಮರದ್ದು ಯಾವಾಗ್ಲೂ ಒಂದು ಕೂದಲೆಳೆ ಹೆಚ್ಚಿರಬೇಕು. ಕಬ್ಬಿಣ ಆರಿದ ಮೇಲೆ ಕುಗ್ಗತೈತೆ. ಮಾದರೀನ ಸರಿಯಾಗಿ ಅಳತೆಗೇ ಮಾಡಿದ್ರೆ ಆಮೇಲೆ ಕಡಿಮೆ ಬೀಳ್ತೈತೆ" ಎಂದರು ದೊಡ್ಡಪ್ಪ, ನೆಲ ನೋಡುತ್ತ. "ಮೊದಲ್ನೇದು ಕಾಗದದಷ್ಟಿತ್ತು, ಅದನ್ನೂ ನೀನು ಬೀಳಿಸಿದ್ದೆ. ಒಂದೊಂದಕ್ಕೂ ಒಸಿ ಒಸಿ ಏರಿಸ್ತಾ ಬಂದೆ."

ದೊಡ್ಡವ್ವ ಅವರನ್ನೇ ದುರುಗುಟ್ಟಿ ನೋಡಿದಳು. "ಹಂಗಾರೆ ಇಷ್ಟು ದಿನ ನನಗೆ ವ್ಯಾಯಾಮ ಮಾಡಿಸಿದ್ರಾ? ನಾನು ಬ್ಯಾಡ ಅಂದಿದ್ನಲ್ಲ!"

"ನೀನು ತಪ್ಪು ಹುಡುಕ್ತಿದ್ದೆ. ನಾನು ಬ್ಯಾಡ ಅನ್ನಲಿಲ್ಲ ಅಷ್ಟೇ."

ಈ ಮನುಷ್ಯ ತಿಂಗಳುಗಟ್ಟಲೆ ಹಿತ್ತಲಲ್ಲಿ ಕೂತು, ತನಗೆ ಇಷ್ಟವಾದ ಜಾಗವನ್ನು ತನ್ನ ಕೈಯಾರೆ ಬಿಟ್ಟುಕೊಡುವ ಕೆಲಸ ಮಾಡುತ್ತಿದ್ದ. ನಾನು ಅದಕ್ಕೆ ತೀರ್ಮಾನ ಮಾಡಲಾಗದ ಹುಚ್ಚು ಎಂದು ಹೆಸರಿಟ್ಟಿದ್ದೆ.

ದೊಡ್ಡವ್ವ ಇನ್ನೂ ಬೈಯುತ್ತಾಳೆಂದುಕೊಂಡೆ. ಅವಳು ಆಗಲೇ ಓದಲು ಶುರುಮಾಡಿದ್ದಳು. ಕೂಡ್ರಿ ಎಂದು ಕುರ್ಚಿ ತಂದರೂ ಕೂರದೆ, ಕೌಂಟರಿಗೆ ಸೊಂಟ ಆನಿಸಿ ನಿಂತು, ಒಂದು ಪುಟ ಸರಿಸಿ, ಇನ್ನೊಂದು ಪುಟಕ್ಕೆ ಹೋದಳು. ದೊಡ್ಡಪ್ಪ ಅವಳ ಮುಂದೆ ನಿಂತು ಎರಡೂ ಅಂಗೈಗಳನ್ನು ಟ್ಯಾಬಿನ ಕೆಳಗೆ ಚಾಚಿದ್ದರು. ಮುಟ್ಟಿರಲಿಲ್ಲ. ಒಂದು ಗೇಣು ಕೆಳಗೆ, ಜಾರಿದರೆ ಇರಲಿ ಎಂದು.

"ಕೈ ತೆಗೀರಿ. ಬೀಳಲ್ಲ" ಎಂದಳು ದೊಡ್ಡವ್ವ, ಕಣ್ಣು ಎತ್ತದೆ.

ದೊಡ್ಡಪ್ಪ ಒಂದು ಕೈ ತೆಗೆದರು.