ನಲವತ್ತೆರಡು ಕಾರುಗಳ ಆಯುಧಪೂಜೆ

ಕಾರು ಇಲ್ಲದವರಲ್ಲಿ ಎರಡು ಪಂಗಡ: ದುಡ್ಡಿಲ್ಲದವರು ಮತ್ತು ಧೈರ್ಯವಿಲ್ಲದವರು. ನಾನು ಎರಡನೆಯ ಪಂಗಡದವನು. ಮೊದಲನೆಯದರಲ್ಲಿ ಸದಸ್ಯತ್ವ ಇಲ್ಲವೆಂದಲ್ಲ. ಒಮ್ಮೆ ಭಾವನ ಕಾರನ್ನು ನರಿಕೊಂಬಿನ ನಮ್ಮ ಅಂಗಳದಲ್ಲೇ ನಾಲ್ಕು ಮಾರು ಓಡಿಸಿ ಗೊಬ್ಬರದ ಗುಂಡಿಗೆ ಇಳಿಸಿದ ಮೇಲೆ ಸ್ಟಿಯರಿಂಗ್ ಮುಟ್ಟಿದ್ದಿಲ್ಲ. ಹಾಗೆಂದು ಕಾರಿನ ಮೋಹ ಹೋಗಬೇಕಲ್ಲ? ಅದು ಅಂಚೆಚೀಟಿಗೆ ಇಳಿಯಿತು. ಕುವೈತಿನಲ್ಲಿರುವ ಅದೇ ಭಾವ, ನಾನು ಮತ್ತೆ ಕೀಲಿಕೈ ಕೇಳದಿರಲಿ ಎಂದೋ ಏನೋ, ಹಳೆಯ ಕಾರುಗಳ ಚಿತ್ರವಿರುವ ಅಂಚೆಚೀಟಿಗಳನ್ನು ಹುಡುಕಿ ಹುಡುಕಿ ಕಳಿಸತೊಡಗಿದರು.

ಹೀಗೆ ನಲವತ್ತೆರಡು ಕಾರುಗಳಾದವು. ಹಿತ್ತಾಳೆಯ ದೀಪದ್ದು, ಮಡಚುವ ಮಾಡಿನದು, ಮೂತಿಯೇ ಜಗಲಿಯಷ್ಟು ಉದ್ದದ್ದು. ವಕೀಲರ ಕಚೇರಿಯ ಗುಮಾಸ್ತನಾಗಿ ಹಗಲಿಡೀ ಕಡತಗಳ ಧೂಳು ಕುಡಿದು ಬಂದವನು ಚಿಮಟದಲ್ಲಿ ಒಂದನ್ನೆತ್ತಿ, ಭೂತಗನ್ನಡಿ ಹಿಡಿದರೆ ಸಾಕು, ಬಿ.ಸಿ. ರೋಡಿನ ಬಸ್ಸಿನ ನೂಕುನುಗ್ಗಲು ಮರೆತುಹೋಗುತ್ತಿತ್ತು. ಬೆರಳು ತಾಗಿಸುವಂತಿಲ್ಲ, ಕಲೆ ಬಿದ್ದರೆ ಚೀಟಿಯ ಮಾನ ಹೋಯಿತು. ಈ ವರ್ಷ ಮೂಡುಬಿದಿರೆಯ ಅಂಚೆಚೀಟಿ ಪ್ರದರ್ಶನಕ್ಕೆ ಹೆಸರನ್ನೂ ಕೊಟ್ಟೆ. ಗುಮಾಸ್ತ ಎನ್ನುವ ಬದಲು ಸಂಗ್ರಹಕಾರ ಎಂದು ಯಾರಾದರೂ ಒಮ್ಮೆ ಕರೆಯಲಿ ಎಂಬ ಆಸೆ ನನಗೆ ನಿಜವಾಗಿಯೂ ಇತ್ತು.

ತಪ್ಪು ನನ್ನದೇ. ನಮಗೊಂದು ವಾಹನ ಯಾಕಿಲ್ಲ ಎಂದು ಅಮ್ಮ ಕೇಳಿದಾಗಲೆಲ್ಲ ಆಲ್ಬಂ ತೋರಿಸಿ, ಇಷ್ಟು ಕಾರು ಈ ಊರಲ್ಲಿ ಯಾರಿಗುಂಟು ಎಂದು ಜಂಬ ಕೊಚ್ಚುತ್ತಿದ್ದೆ. ಅವಳು ನಂಬಿದಳೋ, ಮರುಗಿದಳೋ ತಿಳಿಯದು. ಆಯುಧಪೂಜೆಯ ದಿನ ನೆರೆಮನೆಯ ಜೀಪು, ಬೈಕು, ಕೊನೆಗೆ ಟಿಲ್ಲರ್ ಕೂಡ ಗೊಂಡೆಹೂವಿನ ಮಾಲೆ ಹಾಕಿಕೊಂಡು ನಿಂತಿದ್ದವು. ನಾನು ಪೇಟೆಯಿಂದ ಅವಲಕ್ಕಿ ತರುವುದರೊಳಗೆ ಅಮ್ಮ ನಮ್ಮ ಮರ್ಯಾದೆಯನ್ನೂ ಉಳಿಸಿದ್ದಳು. ದೇವರ ಕೋಣೆಯಲ್ಲಿ ಆಲ್ಬಂ ತೆರೆದಿತ್ತು. ಪ್ರತಿ ಕಾರಿನ ಮೂತಿಗೂ ಗಂಧ, ಅದರ ಮೇಲೊಂದು ಕುಂಕುಮದ ಬೊಟ್ಟು. ಆಲ್ಬಮ್ಮಿನ ಅಡಿಗೆ ನಾಲ್ಕು ಮೂಲೆಗೆ ನಾಲ್ಕು ನಿಂಬೆಹಣ್ಣು. ಚಕ್ರ ಹತ್ತಿಸುವಂತಿಲ್ಲವಾದ್ದರಿಂದ ಕೈಯಲ್ಲೇ ಒತ್ತಿದಳಂತೆ, ಒಡೆದದ್ದು ಒಂದೇ.

ಕೂಗಾಡಲು ತೆರೆದ ಬಾಯಿಯನ್ನು ಅವಳ ಮುಖ ನೋಡಿ ಮುಚ್ಚಿದೆ. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವಳಿಗೂ ಬೊಟ್ಟಿಡಲು ವಾಹನ ಸಿಕ್ಕಿತ್ತು. ಪುಟ ಮಗುಚಿದರೆ, ಕೊನೆಯ ಒಂದು ಚೀಟಿ ಶುಭ್ರವಾಗಿ ಉಳಿದಿತ್ತು. ಇದನ್ನೇಕೆ ಬಿಟ್ಟದ್ದು ಎಂದು ಕೇಳಿದೆ.

"ಅದರಲ್ಲಿ ಜನ ಕೂತಿದ್ದಾರಲ್ಲ ಮಗಾ. ಅವರು ಇಳಿಯದೆ ಪೂಜೆ ಮಾಡುವುದು ಹೇಗೆ?"

ನೋಡಿದರೆ ಹೌದು. ಟೊಪ್ಪಿಯ ಡ್ರೈವರ್, ಹಿಂದೆ ಇಬ್ಬರು.

ಆ ಒಂದನ್ನೇ ಪ್ಲಾಸ್ಟಿಕ್ ಲಕೋಟೆಯಲ್ಲಿಟ್ಟು ಮೂಡುಬಿದಿರೆಗೆ ಹೋದೆ. ಮೇಜಿನವರು "ಒಂದೇ ಉಂಟಾ?" ಎಂದರು. ಉಳಿದವಕ್ಕೆ ಪೂಜೆ ಆಗಿದೆ ಎನ್ನುವ ಧೈರ್ಯ ಬರಲಿಲ್ಲ. ಸ್ಪರ್ಧೆಗೆ ಸಾಲದೆಂದು ಅದನ್ನು ಒಂದು ಮೂಲೆಯಲ್ಲಿಟ್ಟರು. ಯಾರೋ ಅದರ ಮೇಲೆ ಚಹಾದ ಲೋಟ ಇಡಲು ಹೊರಟಾಗ, ಸಿಟ್ಟಿನಲ್ಲಿ ಲಕೋಟೆಯನ್ನು ಅಲ್ಲೇ ಬಿಟ್ಟು ಚೀಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೊರಟೆ. ಬರುವಾಗ ಬಸ್ಸು ಸಿದ್ಧಕಟ್ಟೆಯ ಹತ್ತಿರ ಕೆಟ್ಟು ನಿಂತಿತು. ಎಲ್ಲರೂ ಇಳಿದು ಸ್ವಲ್ಪ ದೂಡುವ ಎಂದ ಕಂಡಕ್ಟರ್. ದೂಡಿದೆವು. ಮನೆಗೆ ಬಂದು ನೋಡಿದರೆ ಚೀಟಿ ಬೆವರಿಗೆ ಜೇಬಿಗೇ ಅಂಟಿಕೊಂಡಿತ್ತು. ಸುಲಿದು ತೆಗೆಯುವಾಗ ಬಾನೆಟ್ ನಜ್ಜುಗುಜ್ಜಾಯಿತು. ಪೂಜೆಯಾದ ನಲವತ್ತೊಂದು ಕಾರುಗಳಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಪೂಜೆಯಾಗದ್ದಕ್ಕೇ ಹೀಗಾಯಿತು ಎಂಬ, ನಾನು ಹೆದರಿದ್ದ ಮಾತನ್ನು ಅಮ್ಮ ಆಡಲಿಲ್ಲ. "ಒಳಗೆ ಕೂತವರಿಗೆ ಏನೂ ಆಗಲಿಲ್ಲವಲ್ಲ?" ಎಂದಷ್ಟೇ ಕೇಳಿದಳು.

ನಗಬೇಕಾಗಿದ್ದ ನಾನು ಭೂತಗನ್ನಡಿ ತಂದು ಮೂವರನ್ನೂ ಒಬ್ಬೊಬ್ಬರಾಗಿ ಪರೀಕ್ಷಿಸಿದೆ.

"ಇಲ್ಲಮ್ಮ," ಎಂದೆ, "ಡ್ರೈವರಿಗೆ ಮಾತ್ರ ಸ್ವಲ್ಪ ತಾಗಿದೆ."