ಮಾವ, ಅಮ್ಮಮ್ಮನ ನಾಡಿ ಮತ್ತು ಮೂರು ಕಂಪ್ಯೂಟರು

ನಮ್ಮ ಮಾವನ ಹತ್ತಿರ ಅಪ್ಪಿತಪ್ಪಿಯೂ ‘ಸೌಖ್ಯವಾ?’ ಎಂದು ಕೇಳಬೇಡಿ. ‘ಯಾವತ್ತಿಂದ ಯಾವತ್ತಿನವರೆಗೆ?’ ಎಂದು ತಿರುಗಿ ಕೇಳುತ್ತಾರೆ! ತೆಕ್ಕಟ್ಟೆಯ ಮದುವೆಯೊಂದರಲ್ಲಿ ಪಕ್ಕದ ಎಲೆಯವರು “ಹ್ವಾಯ್, ನಿಮ್ ಬದಿಗೆ ಮಳಿ ಹ್ಯಾಂಗಿತ್ತ್?” ಎಂದರು, ಅಷ್ಟೇ. ಮಾವ ಆರಂಭದ ತಾರೀಕು, ಕೊನೆಯ ತಾರೀಕು ಕೇಳತೊಡಗಿದ ಮೇಲೆ ಆ ಪುಣ್ಯಾತ್ಮರು ಪಾಯಸಕ್ಕೂ ಕಾಯದೆ ಎದ್ದುಹೋದರು.

ಮಾವ ಅಂದರೆ ನನ್ನ ಅಮ್ಮನ ತಮ್ಮ. ಕುಂದಾಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವರು. ಅವರ ತಾಯಿ, ನಮ್ಮ ಅಮ್ಮಮ್ಮ, ಒಂದು ಕಡೆ ನಿಲ್ಲುವವಳೇ ಅಲ್ಲ. ಕೆಲವು ವಾರ ಕುಂದಾಪುರದ ಮಗನ ಮನೆ, ಮತ್ತೆ ಬೈಂದೂರಿನ ದೊಡ್ಡಮ್ಮನ ಮನೆ, ಮತ್ತೆ ಬ್ರಹ್ಮಾವರದ ನಮ್ಮ ಮನೆ. ಬೇಸರ ಬಂದದ್ದೇ ಚೀಲ ಹಿಡಿದು ಬಸ್ಸು ಹತ್ತುತ್ತಾಳೆ. ಅವಳ ಹೃದಯ ಸ್ವಲ್ಪ ವೀಕು ಎಂದು ಡಾಕ್ಟರು ಹೇಳಿದ್ದೇ ತಡ, ಮಾವ ಅವಳ ಕೈಗೊಂದು ಪಟ್ಟಿ ಕಟ್ಟಿದರು. ಅದು ಸೆಕೆಂಡಿಗೊಮ್ಮೆ ನಾಡಿ ಅಳೆದು, ಅವಳಿರುವ ಮನೆಯ ಕಂಪ್ಯೂಟರಿಗೆ ಕಳಿಸುತ್ತಿತ್ತು. ಆ ಲೆಕ್ಕ ಅಲ್ಲೇ ಉಳಿಯುತ್ತಿತ್ತು. ಅಂಗಡಿಯ ಹಳೇ ಕಂಪ್ಯೂಟರುಗಳನ್ನೇ ಮೂರೂ ಮನೆಗೆ ಹಂಚಿ, ಇಂಟರ್ನೆಟ್ಟಿನಲ್ಲಿ ಒಂದಕ್ಕೊಂದು ಗಂಟು ಹಾಕಿದ್ದರು. ಎಲ್ಲ ಒಂದೇ ಕಡೆ ಇಟ್ಟು ಅದಕ್ಕೇ ಸಿಡಿಲು ಬಡಿದರೆ ಗತಿಯೇನು ಎಂಬುದು ಅವರ ವಾದ.

ಶುರುವಾಯಿತು ನೋಡಿ ವಿಚಾರಣೆ!

“ಅಮ್ಮಾ, ನಿನ್ನೆ ಬೆಳಿಗ್ಗೆ ನಿನ್ ನಾಡಿ ಒಮ್ಮೆಲೇ ಹಾರಿತ್ತಲೆ, ಎಂತ ಆಯ್ತ್?”

“ಬಂಗ್ಡಿ ಮೀನ್ ಬಂದಿತ್ ಮಾರಾಯ!”

“ಮಧ್ಯಾಹ್ನ ಮತ್ತೂ ಹಾರಿತ್ತ್?”

“ಅದನ್ನ್ ಬೆಕ್ ತಿಂದ್ಕಂಡ್ ಹೋಯ್ತ್!”

ಕೂಡಿಟ್ಟದ್ದೇನೋ ಸರಿ, ಹುಡುಕುವುದು ಹೇಗೆ? ‘ನವರಾತ್ರಿಯಿಂದ ದೀಪಾವಳಿವರೆಗೆ ತೋರಿಸು’ ಎಂದರೆ ಆ ಯಂತ್ರಗಳು ಮೊತ್ತಮೊದಲ ದಿನದ ಬಡಿತದಿಂದ ಹಿಡಿದು ಒಂದೊಂದನ್ನೂ ‘ನೀನು ಆ ದಿನದ್ದಾ?’ ಎಂದು ವಿಚಾರಿಸುತ್ತಾ ಬರುತ್ತಿದ್ದವು. ಅಷ್ಟೂ ದಿನ ಅಮ್ಮಮ್ಮ ಬೈಂದೂರಿನಲ್ಲೇ ಇದ್ದರೂ ನಮ್ಮ ಬ್ರಹ್ಮಾವರದ ಕಂಪ್ಯೂಟರು ಶ್ರದ್ಧೆಯಿಂದ ತನ್ನ ಗಂಟು ಬಿಚ್ಚಿ ಹುಡುಕುತ್ತಿತ್ತು! ಭಾನುವಾರ ಅಂಗಡಿಗೆ ರಜೆ. ಅಮ್ಮಮ್ಮ ಯಾವ ಮನೆಯಲ್ಲಿದ್ದರೂ ಮಾವ ಹಾಜರು. ತಾರೀಕು ಒತ್ತಿ, ಅವಳ ಮಂಚದ ತುದಿಯಲ್ಲಿ ಕೂರುವುದು. ಅವಳು ಕೆರಾಡಿಯ ತವರಿನ ಸುದ್ದಿ ತೆಗೆಯುವುದು, ಇವರು ಪರದೆಯ ಮೇಲೊಂದು ಕಣ್ಣಿಟ್ಟು ಹೂಂಗುಟ್ಟುವುದು. ಉತ್ತರ ಬರುವಷ್ಟರಲ್ಲಿ ಪ್ರಶ್ನೆ ಏನೆಂದು ಇಬ್ಬರಿಗೂ ಮರೆತಿರುತ್ತಿತ್ತು.

ಒಂದು ಬೇಸಿಗೆಯಲ್ಲಿ ಅಮ್ಮಮ್ಮನಿಗೆ ತಲೆಸುತ್ತು ಶುರುವಾಯಿತು. ಬಾವಿಕಟ್ಟೆಯ ಹತ್ತಿರ ಬಿದ್ದೂಬಿಟ್ಟಳು. ಡಾಕ್ಟರು, “ನಾಡಿ ತೀರಾ ನಿಧಾನ ಆಗಿದೆ. ಹೊಸ ಮಾತ್ರೆಯಿಂದಲಾದರೆ ಕಡಿಮೆ ಮಾಡಿದರಾಯಿತು. ಅದಕ್ಕೂ ಮೊದಲೇ ಶುರುವಾಗಿದ್ದರೆ ಎದೆಯೊಳಗೆ ಯಂತ್ರ ಕೂರಿಸಬೇಕಾದೀತು,” ಎಂದರು. ಮಾವ ಹುರುಪಿನಿಂದ ಲ್ಯಾಪ್‌ಟಾಪ್ ತೆರೆದರು. ಮಾತ್ರೆಗೆ ಮುಂಚಿನ ವಾರ, ನಂತರದ ವಾರ, ಹೋದ ವರ್ಷದ ಇದೇ ವಾರ ಎಂದು ಡಾಕ್ಟರು ಕೇಳುತ್ತಲೇ ಹೋದರು. ಲ್ಯಾಪ್‌ಟಾಪು ಮೊದಲನೆಯದಕ್ಕೇ ತಿರುಗುತ್ತಾ ಕೂತಿತು. ಹೊರಗೆ ಟೋಕನ್ ಹಿಡಿದವರು ಬಾಗಿಲು ಬಡಿದರು. ಆ ಮಾತ್ರೆ ನಿಲ್ಲಿಸಿ ಎರಡು ದಿನ ಬಿಟ್ಟು ಬರಲು ಹೇಳಿ ಡಾಕ್ಟರು ಕಳಿಸಿದರು. ಮಾವನ ಮುಖ ನೋಡಿ ನನಗೆ ಮೊದಲ ಸಲ ತಮಾಷೆ ಮಾಡಲು ಮನಸ್ಸಾಗಲಿಲ್ಲ.

ಅಂಗಡಿಗೆ ಬಾಗಿಲು ಹಾಕಿ ಕೂತರು ಮಾವ. ಬಡಿತಗಳನ್ನೆಲ್ಲ ದಿನಕ್ಕೊಂದು ಡಬ್ಬಿಯಂತೆ ಬೇರೆ ಮಾಡಿ, ಡಬ್ಬಿಯ ಹೊರಗೇ ತಾರೀಕು ನಮೂದಿಸಿದರು. ಕೇಳಿದ ದಿನಗಳ ಡಬ್ಬಿಯನ್ನು ಮಾತ್ರ ತೆರೆಯಬೇಕು, ಉಳಿದವನ್ನು ಮುಟ್ಟಬಾರದು. ಆ ದಿನಗಳಲ್ಲಿ ಅಮ್ಮಮ್ಮ ಇಲ್ಲದಿದ್ದ ಮನೆಯನ್ನು ಕೇಳುವುದೇ ಬೇಡ. ಅದೇ ಉಮೇದಿನಲ್ಲಿ ಅಡುಗೆಮನೆಗೂ ನುಗ್ಗಿ ಉಪ್ಪಿನಕಾಯಿ ಭರಣಿಗಳಿಗೆಲ್ಲ ತಾರೀಕಿನ ಚೀಟಿ ಅಂಟಿಸಿದರು.

ಅತ್ತೆ ಸುಮ್ಮನಿರುತ್ತಾರೆಯೇ? “ನನ್ ಸಿಟ್ಟಿಗೂ ಒಂದ್ ಚೀಟಿ ಅಂಟ್ಸಿ. ನಿಮ್ಮನ್ನ್ ಮದಿ ಆದ್ ದಿನದಿಂದ ಇವತ್ತಿನವರಿಗೆ!”

ಮತ್ತೆ ಹೋದಾಗ ಡಾಕ್ಟರು ಕೇಳಿ ಬಾಯಿ ಮುಚ್ಚುವುದರೊಳಗೆ ಉತ್ತರ! ಮಾತ್ರೆ ಶುರುವಾದ ವಾರದಿಂದಲೇ ನಾಡಿ ಇಳಿದಿತ್ತು, ಅಲ್ಲಿಯವರೆಗೆ ಸರಿಯಾಗಿಯೇ ಇತ್ತು. ಮಾತ್ರೆ ಅರ್ಧವಾಯಿತು, ತಲೆಸುತ್ತು ಬಿಟ್ಟಿತು. ಮಾವನನ್ನು ಹಿಡಿಯುವವರಿಲ್ಲ.

ಅಮ್ಮಮ್ಮ ಆಗ ನಮ್ಮ ಮನೆಯಲ್ಲಿದ್ದಳು. ಮುಂದಿನ ಭಾನುವಾರಗಳಲ್ಲಿ ಮಾವ ನಮ್ಮಲ್ಲಿಗೆ ಬರುವುದು, ತಾರೀಕು ಒತ್ತುವುದು, “ಎಲ್ಲ ಸಮಾ ಇತ್ತ್ ಅಮ್ಮಾ, ಬತ್ತೆ” ಎಂದು ಎದ್ದು ಹೊರಡುವುದು. ನಾನು ತಂದ ಚಾ ನನ್ನ ಕೈಯಲ್ಲೇ ಉಳಿಯುತ್ತಿತ್ತು.

ಒಂದು ಭಾನುವಾರ ಅಮ್ಮಮ್ಮ ಮೆಲ್ಲಗೆ, “ಮೊದ್ಲ್ ಇದ್ದದ್ದೇ ಒಳ್ಳೇದಿತ್ತ್ ಮಗಾ,” ಎಂದಳು.

ಮಾವನಿಗೆ ರೇಗಿತು. “ಎಂತ ಒಳ್ಳೇದ್? ಒಂದ್ ಉತ್ರಕ್ಕೆ ಅರ್ಧ ಗಂಟಿ ಕಾಯ್ಕಿತ್ತ್!”

“ಅದೇ. ಅಷ್ಟೊತ್ತ್ ನೀ ಇಲ್ಲೇ ಕೂಕಂತಿದ್ದೆ.”

ಮಾವ ಹೆಗಲಿಗೇರಿಸಿದ್ದ ಬ್ಯಾಗು ಇಳಿಸಿ ಮಂಚದ ತುದಿಯಲ್ಲಿ ಕೂತರು.

“ಹೇಳ್ ಅಮ್ಮಾ,” ಎಂದರು.

“ಹೇಳೂಕ್ ಎಂತದೂ ಇಲ್ಲೆ. ಚಾ ಕುಡಿ,” ಎಂದು ಅಮ್ಮಮ್ಮ ಪಟ್ಟಿ ಕಟ್ಟಿದ ಕೈಯನ್ನು ಅವರ ಮೊಣಕಾಲ ಮೇಲಿಟ್ಟಳು.